ವಾಲಿಬಾಲ್ ಆಡಿಯೇ ಬದುಕಬೇಕೆ? ಹೈಸ್ಕೂಲ್ ಮೈದಾನದಿಂದ ನೌಕರಿ, ಲೀಗ್‌ವರೆಗೆ ದಾರಿ

ನಮ್ಮ ದೇಶದಲ್ಲಿ ವಾಲಿಬಾಲ್ ಆಟಗಾರರ ಮನೆ ನಡೆಯುವುದು ಲೀಗ್ ದುಡ್ಡಿನಿಂದಲ್ಲ, ತಿಂಗಳ ಸಂಬಳದಿಂದ. ಟಿವಿಯಲ್ಲಿ ಪ್ರೈಮ್ ವಾಲಿಬಾಲ್ ಲೀಗ್ ನೋಡಿ ‘ನಮ್ಮ ಹುಡುಗನೂ ಹೀಗೇ ಆಡಿ ದುಡಿಯಬಹುದಲ್ಲ’ ಎಂದುಕೊಳ್ಳುವ ತಂದೆತಾಯಿಗೆ ಮೊದಲು ಹೇಳಬೇಕಾದ್ದು ಇದನ್ನೇ. ಆ ಅಂಕಣದಲ್ಲಿ ಎಗರಿ ಹೊಡೆಯುವ ಭಾರತೀಯ ಆಟಗಾರರಲ್ಲಿ ಅನೇಕರು ರೈಲ್ವೆ, ಸೇನೆ, ಒಎನ್‌ಜಿಸಿ, ಬಿಪಿಸಿಎಲ್, ಇಂಡಿಯನ್ ಓವರ್‌ಸೀಸ್ ಬ್ಯಾಂಕ್, ಆದಾಯ ತೆರಿಗೆ ಇಲಾಖೆಗಳಲ್ಲಿ ನೌಕರಿಯಲ್ಲಿರುವವರು. ಲೀಗ್ ನಡೆಯುವುದು ವರ್ಷಕ್ಕೆ ಒಂದು ತಿಂಗಳ ಆಸುಪಾಸು. ಉಳಿದ ಹನ್ನೊಂದು ತಿಂಗಳು ಅವರನ್ನು ಸಾಕುವುದು ಕಚೇರಿ.

ಇದನ್ನು ಕೇಳಿ ಬೇಸರಪಡಬೇಕಾಗಿಲ್ಲ. ಕ್ರಿಕೆಟ್‌ನಲ್ಲಿ ರಾಜ್ಯ ತಂಡದ ಬಾಗಿಲವರೆಗೆ ಹೋಗಿ ಬರಿಗೈಯಲ್ಲಿ ವಾಪಸಾದವರಿಗೆ ಲೆಕ್ಕವಿಲ್ಲ. ವಾಲಿಬಾಲ್‌ನಲ್ಲಿ ರಾಜ್ಯ ತಂಡಕ್ಕೆ ಆಡಿದವನಿಗೆ ಸರ್ಕಾರಿ ನೌಕರಿಯ ದಾರಿ ತೆರೆದಿರುತ್ತದೆ. ಆದರೆ ಆ ದಾರಿಗೆ ವಯಸ್ಸಿನ ಗಡುವು ಇದೆ, ಕಾಗದಪತ್ರದ ಕಟ್ಟುನಿಟ್ಟಿದೆ. ಆಟ ಚೆನ್ನಾಗಿದ್ದೂ ಇವೆರಡರಲ್ಲಿ ಎಡವಿದವರನ್ನು ಪ್ರತಿ ತಾಲ್ಲೂಕಿನಲ್ಲೂ ಕಾಣಬಹುದು. ಅದಕ್ಕೇ ಈ ಲೇಖನದಲ್ಲಿ ಸ್ಮ್ಯಾಶ್ ಹೊಡೆಯುವುದು ಹೇಗೆ ಎನ್ನುವುದಕ್ಕಿಂತ ಯಾವ ವಯಸ್ಸಿನಲ್ಲಿ ಏನು ಮಾಡಿ ಮುಗಿಸಿರಬೇಕು ಎನ್ನುವುದಕ್ಕೇ ಹೆಚ್ಚು ಜಾಗ.

ವಯಸ್ಸಿನ ಲೆಕ್ಕ

ನೌಕರಿಯಿಂದ ಹಿಂದಕ್ಕೆ ಎಣಿಸುತ್ತ ಬನ್ನಿ. ರೈಲ್ವೆಯ ಕ್ರೀಡಾ ಕೋಟಾಕ್ಕೆ ವಯಸ್ಸು 18ರಿಂದ 25. ಯಾವ ವರ್ಗಕ್ಕೂ ಸಡಿಲಿಕೆ ಇಲ್ಲ. 25ರೊಳಗೆ ನೌಕರಿ ಬೇಕಾದರೆ 18ರಿಂದ 23ರ ನಡುವೆ ರಾಜ್ಯ ತಂಡದಲ್ಲೋ ವಿಶ್ವವಿದ್ಯಾಲಯದ ತಂಡದಲ್ಲೋ ಆಡಿ ಒಳ್ಳೆಯ ಸ್ಥಾನ ಪಡೆದಿರಬೇಕು. ಅಲ್ಲಿಗೆ ತಲುಪಲು 16–17ಕ್ಕೆ ಜಿಲ್ಲೆ, ವಿಭಾಗ ಮಟ್ಟದಲ್ಲಿ ಹೆಸರು ಕೇಳಿಬರುತ್ತಿರಬೇಕು. ಅದಕ್ಕೆ 12–13ಕ್ಕೆ ಚೆಂಡು ಕೈಗೆ ಹತ್ತಿರಬೇಕು.

ಪಿಯುಸಿ ಮುಗಿದ ಮೇಲೆ ‘ಎತ್ತರ ಇದ್ದಾನೆ, ಈಗ ಸೇರಿಸೋಣ’ ಎಂದು ಬರುವವರೂ ಉಂಟು. ಆರಡಿ ಮೂರಿಂಚಿನ ಹುಡುಗನಾದರೆ ಆಗಲೂ ಪ್ರಯತ್ನಿಸಬಹುದು. ಬ್ಲಾಕ್ ಮಾಡುವುದನ್ನು, ಅಂದರೆ ಎದುರಾಳಿಯ ಹೊಡೆತವನ್ನು ನೆಟ್ ಬಳಿಯೇ ಎಗರಿ ತಡೆಯುವುದನ್ನು, ಮೂರ್ನಾಲ್ಕು ವರ್ಷದಲ್ಲಿ ಕಲಿಸಬಹುದು. ಐದಡಿ ಎಂಟರವನಿಗೆ ಆ ವಯಸ್ಸಿನಲ್ಲಿ ಹೊಸದಾಗಿ ಸೆಟ್ಟಿಂಗ್ (ಹೊಡೆತಗಾರನಿಗೆ ಚೆಂಡು ಎತ್ತಿಕೊಡುವ ಕೆಲಸ) ಕಲಿಸಿ ನ್ಯಾಷನಲ್ಸ್ (ರಾಷ್ಟ್ರೀಯ ಚಾಂಪಿಯನ್‌ಶಿಪ್) ಆಡಿಸುವುದು ತೀರಾ ಕಷ್ಟ.

ಹನ್ನೆರಡರಿಂದ ಹದಿನೈದು: ಕೈ ಮೊದಲು, ಜಿಗಿತ ಆಮೇಲೆ

ಊರಿನ ಮೈದಾನದಲ್ಲಿ ಎಲ್ಲರಿಗೂ ಹೊಡೆಯುವ ಆಸೆ. ಪಂದ್ಯಾಟದಲ್ಲಿ ಚಪ್ಪಾಳೆಯೂ ಬಹುಮಾನವೂ ಅಟ್ಯಾಕರ್‌ಗೇ. ಹಾಗಾಗಿ ಹುಡುಗರು ನೆಟ್ ಕಟ್ಟಿದ ಕೂಡಲೇ ಸಾಲಾಗಿ ನಿಂತು ಸ್ಮ್ಯಾಶ್ ಹೊಡೆಯಲು ಶುರು ಮಾಡುತ್ತಾರೆ. ಆಯ್ಕೆದಾರರು ಮಾತ್ರ ಮೊದಲು ನೋಡುವುದು ಸರ್ವ್ ಬಂದಾಗ ನಿಮ್ಮ ಅಂಡರ್‌ಹ್ಯಾಂಡ್ ಪಾಸ್ ಎಲ್ಲಿಗೆ ಹೋಗುತ್ತದೆ ಎನ್ನುವುದನ್ನು. ಪಾಸ್ ಸೆಟ್ಟರ್ ತಲೆಯ ಮೇಲೆ ಬೀಳದಿದ್ದರೆ ಎಂಥ ಹೊಡೆತಗಾರನಿದ್ದೂ ಪ್ರಯೋಜನವಿಲ್ಲ.

ಈ ವಯಸ್ಸಿನಲ್ಲಿ ದಿನದ ಅಭ್ಯಾಸದ ಅರ್ಧ ಭಾಗ ಪಾಸಿಂಗ್‌ಗೆ ಮತ್ತು ಬೆರಳುಗಳ ಮೇಲಿನ ಪಾಸ್‌ಗೆ ಹೋಗಲಿ. ಗೋಡೆಯೊಂದಿದ್ದರೆ ಒಬ್ಬರೇ ಮಾಡಬಹುದು. ಗೋಡೆಯ ಮೇಲೆ ಪುರುಷರ ನೆಟ್ ಎತ್ತರ 2.43 ಮೀಟರ್, ಮಹಿಳೆಯರದು 2.24 ಮೀಟರ್‌ಗೆ ಸುಣ್ಣದ ಗೆರೆ ಎಳೆದು, ಅದರ ಮೇಲೊಂದು ಚೌಕ ಬರೆದು ಚೆಂಡು ಆ ಚೌಕಕ್ಕೇ ತಾಗುವಂತೆ ಆಡಲಿ. ಇನ್ನೊಂದು ಮಾತು: ಚೆಂಡು ಸರಿಯಾದದ್ದಿರಲಿ. ಸುತ್ತಳತೆ 65ರಿಂದ 67 ಸೆಂ.ಮೀ., ತೂಕ 260ರಿಂದ 280 ಗ್ರಾಂ ಎನ್ನುವುದು ನಿಯಮ. ಕಲ್ಲಿನಂತೆ ಗಾಳಿ ತುಂಬಿದ ಅಗ್ಗದ ರಬ್ಬರ್ ಚೆಂಡಿನಲ್ಲಿ ಆಡುವ ಮಕ್ಕಳು ನೋವಿಗೆ ಹೆದರಿ ಕೈ ಹಿಂದಕ್ಕೆ ಎಳೆದುಕೊಳ್ಳುವ ರೂಢಿ ಬೆಳೆಸಿಕೊಳ್ಳುತ್ತಾರೆ. ಆಮೇಲೆ ಅದನ್ನು ಬಿಡಿಸುವುದು ಸುಲಭವಲ್ಲ.

ಹೆಣ್ಣುಮಕ್ಕಳ ವಿಷಯ ಸ್ವಲ್ಪ ಬೇರೆ. ನಮ್ಮ ಶಾಲೆಗಳಲ್ಲಿ ಹುಡುಗಿಯರ ಕೈಗೆ ಮೊದಲು ಸಿಗುವುದು ಥ್ರೋಬಾಲ್. ಒಳ್ಳೆಯ ಎತ್ತರ, ಚುರುಕು ಕೈ ಇರುವ ಹುಡುಗಿ ಎಂಟನೇ ತರಗತಿಯೊಳಗೆ ವಾಲಿಬಾಲ್‌ಗೆ ಬಂದರೆ ಒಳ್ಳೆಯದು. ತಡವಾದಷ್ಟೂ ಚೆಂಡು ಹಿಡಿಯುವ ಅಭ್ಯಾಸ ಬೆರಳಿನಿಂದ ಬಿಟ್ಟುಹೋಗುವುದಿಲ್ಲ. ಉತ್ತರ ಕರ್ನಾಟಕದ ಕಡೆ ಜನಪ್ರಿಯವಾಗಿರುವ ಶೂಟಿಂಗ್ ವಾಲಿಬಾಲ್ ಕೂಡ ಸೊಗಸಾದ ಆಟವೇ, ಆದರೆ ಅದು ಬೇರೆಯೇ ಆಟ. ಅದರ ಸರ್ಟಿಫಿಕೇಟನ್ನು ವಾಲಿಬಾಲ್ ಲೆಕ್ಕದಲ್ಲಿ ಯಾರೂ ತೆಗೆದುಕೊಳ್ಳುವುದಿಲ್ಲ.

ಯಾವ ಜಾಗ ನಿಮ್ಮದು?

ಹದಿನಾಲ್ಕು–ಹದಿನೈದಕ್ಕೆ ಈ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಕಂಡುಕೊಳ್ಳಬೇಕು. ನೂರಾರು ಹುಡುಗರ ಭವಿಷ್ಯ ಕೆಡುವುದೇ ಇಲ್ಲಿ. ಕೆಲವು ಊರ ಪಂದ್ಯಗಳಲ್ಲಿ ಜಾಗ ಬದಲಿಸದೆ ಆಡುವ ರೂಢಿ ಇದೆ. ಚೆನ್ನಾಗಿ ಹೊಡೆಯುವವನು ಇಡೀ ಪಂದ್ಯ ಮುಂದೆಯೇ ನಿಂತಿರುತ್ತಾನೆ. ಅಧಿಕೃತ ಆಟದಲ್ಲಿ ಸರ್ವ್ ಗೆದ್ದುಕೊಂಡಾಗಲೆಲ್ಲ ಆರೂ ಜನ ಒಂದೊಂದು ಜಾಗ ಸುತ್ತಬೇಕು. ಹಿಂದಿನ ಸಾಲಿಗೆ ಹೋದ ಕೂಡಲೇ ಪೆಚ್ಚಾಗುವ ಹೊಡೆತಗಾರ ಜಿಲ್ಲಾ ಆಯ್ಕೆಯಲ್ಲೇ ಬಯಲಾಗುತ್ತಾನೆ.

ಅಳತೆ ಹೀಗೆ ತೆಗೆಯಿರಿ. ಬೆರಳಿಗೆ ಸೀಮೆಸುಣ್ಣ ಹಚ್ಚಿಕೊಂಡು ಗೋಡೆಯ ಪಕ್ಕ ನಿಂತು ಕೈ ಎತ್ತಿ ಗುರುತು ಹಾಕಿ. ಆಮೇಲೆ ಮೂರು ಹೆಜ್ಜೆ ಓಡಿಬಂದು ಎಗರಿ ಇನ್ನೊಂದು ಗುರುತು ಹಾಕಿ. ನೆಲದಿಂದ ಎರಡನೇ ಗುರುತಿನ ಎತ್ತರವೇ ನಿಮ್ಮ ಸ್ಪೈಕ್ ರೀಚ್. ತಿಂಗಳಿಗೊಮ್ಮೆ ಬರೆದಿಡಿ. ದೊಡ್ಡ ಮಟ್ಟದ ಪುರುಷ ಅಟ್ಯಾಕರ್‌ಗಳ ಕೈ 3.30 ಮೀಟರ್ ದಾಟಿ ಹೋಗುತ್ತದೆ. ಹದಿನಾರರ ಹುಡುಗನ ಕೈ ಮೂರು ಮೀಟರ್ ಮುಟ್ಟುತ್ತಿದ್ದು, ಮನೆಯಲ್ಲಿ ತಂದೆ, ಸೋದರಮಾವಂದಿರು ಎತ್ತರದವರಾಗಿದ್ದರೆ ಅಟ್ಯಾಕರ್ ಆಗುವ ಆಸೆ ಇಟ್ಟುಕೊಳ್ಳಲಿ.

ಇನ್ನೂ ಎತ್ತರವಿದ್ದು, ಪಕ್ಕಕ್ಕೆ ಚುರುಕಾಗಿ ಸರಿಯಬಲ್ಲವನು ಮಿಡಲ್ ಬ್ಲಾಕರ್. ನಮ್ಮ ದಕ್ಷಿಣ ಕನ್ನಡದ ಅಶ್ವಲ್ ರೈ ಈ ಜಾಗದ ಆಟಗಾರ. ಎಡಗೈ ಹೊಡೆತವಿದ್ದರೆ ಆಪೊಸಿಟ್, ಅಂದರೆ ಬಲತುದಿಯ ಹೊಡೆತಗಾರನಾಗಿ ಬೇಡಿಕೆ ಜಾಸ್ತಿ, ಏಕೆಂದರೆ ನೆಟ್‌ನ ಬಲತುದಿಯಲ್ಲಿ ಎಡಗೈಯವನಿಗೆ ಚೆಂಡು ಮೈಮೇಲೆ ಹಾಯದೆ ನೇರವಾಗಿ ಕೈಗೆ ಬರುತ್ತದೆ. ಎತ್ತರ ಸಾಧಾರಣವಾಗಿದ್ದರೆ ಎರಡೇ ದಾರಿ: ಸೆಟ್ಟರ್ ಅಥವಾ ಲಿಬೆರೊ. ಲಿಬೆರೊ ಜಾಗ ಆಟಕ್ಕೆ ಬಂದದ್ದೇ 1998ರಲ್ಲಿ. ಆತ ಸರ್ವ್ ಮಾಡುವಂತಿಲ್ಲ, ಬ್ಲಾಕ್ ಮಾಡುವಂತಿಲ್ಲ, ನೆಟ್‌ಗಿಂತ ಮೇಲಿನ ಚೆಂಡನ್ನು ಆಚೆ ಹೊಡೆಯುವಂತಿಲ್ಲ. ಬಂದ ಚೆಂಡನ್ನು ಬೀಳಗೊಡದಿರುವುದೊಂದೇ ಕೆಲಸ. ಐದಡಿ ಆರರ ಹುಡುಗನೊಬ್ಬ ದೇಶಕ್ಕೆ ಆಡುವ ಕನಸು ಕಾಣಬಹುದಾದ ಜಾಗ ಇದು. ಹೀಗಿದ್ದೂ ನಮ್ಮ ಹಳ್ಳಿಗಳಲ್ಲಿ ‘ಲಿಬೆರೊ ಆಗುತ್ತೇನೆ’ ಎಂದು ತಾನಾಗಿ ಮುಂದೆ ಬರುವವರು ವಿರಳ. ಬೇರೆ ಜಾಗ ಸಿಗದವನಿಗೆ ಜೆರ್ಸಿ ಬದಲಿಸಿ ನಿಲ್ಲಿಸುತ್ತಾರೆ. ಸ್ಪರ್ಧೆ ಕಡಿಮೆ ಇರುವಲ್ಲಿ ಗಂಭೀರವಾಗಿ ಕಲಿತವನಿಗೆ ಲಾಭವಲ್ಲವೇ?

ಸೆಟ್ಟರ್ ಆಗುವವನ ಕಥೆ ಇನ್ನೂ ಭಾರದ್ದು. ಪ್ರತಿ ಪಾಯಿಂಟ್‌ನಲ್ಲೂ ಎರಡನೇ ಸ್ಪರ್ಶ ಅವನದೇ. ಕೈ ಒಂದೇ ಸಾಲದು, ಎದುರಿನ ಬ್ಲಾಕರ್ ಯಾವ ಕಡೆ ಭಾರ ಹಾಕಿ ನಿಂತಿದ್ದಾನೆ ಎಂದು ಕಣ್ಣಂಚಿನಲ್ಲಿ ನೋಡುವ ಬುದ್ಧಿಯೂ ಬೇಕು. ಇದು ಬಲಿಯಲು ಏಳೆಂಟು ವರ್ಷ ಹಿಡಿಯುತ್ತದೆ. ಆದರೆ ಒಮ್ಮೆ ಬಲಿತ ಸೆಟ್ಟರ್ ಜಿಗಿತ ಕಡಿಮೆಯಾದ ಮೇಲೂ ವರ್ಷಗಟ್ಟಲೆ ತಂಡದಲ್ಲಿ ಉಳಿಯುತ್ತಾನೆ.

ಹಾಸ್ಟೆಲ್ ಮತ್ತು ಕಾಲೇಜು

ಶಾಲಾ ಕ್ರೀಡಾಕೂಟದ ಮೆಟ್ಟಿಲು ಎಲ್ಲರಿಗೂ ಗೊತ್ತು: ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ. 14, 17, 19 ವರ್ಷದೊಳಗಿನ ವಿಭಾಗಗಳಲ್ಲಿ ರಾಜ್ಯ ತಂಡಕ್ಕೆ ಆಯ್ಕೆಯಾದವರು ರಾಷ್ಟ್ರೀಯ ಶಾಲಾ ಕ್ರೀಡಾಕೂಟಕ್ಕೆ ಹೋಗುತ್ತಾರೆ. ಇದರ ಪಕ್ಕದಲ್ಲೇ ದಸರಾ ಕ್ರೀಡಾಕೂಟವೂ ತಾಲ್ಲೂಕಿನಿಂದ ಶುರುವಾಗಿ ಮೈಸೂರಿಗೆ ತಲುಪುತ್ತದೆ. ದೊಡ್ಡವರ ಎದುರು ಆಡಿ ನೋಡಲು ಅದು ಒಳ್ಳೆಯ ವೇದಿಕೆ.

ಆದರೆ ಊರಲ್ಲಿ ಕೋಚ್ ಇಲ್ಲದಿದ್ದರೆ ಇಷ್ಟರಿಂದ ಮುಂದೆ ಹೋಗುವುದು ಕಷ್ಟ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ಜಿಲ್ಲೆಗಳಲ್ಲಿ ನಡೆಸುವ ಕ್ರೀಡಾ ಶಾಲೆ, ಕ್ರೀಡಾ ವಸತಿ ನಿಲಯಗಳಿಗೆ ಪ್ರತಿ ವರ್ಷ ಆಯ್ಕೆ ನಡೆಯುತ್ತದೆ. ಊಟ, ವಸತಿ, ಓದು, ತರಬೇತಿ ಎಲ್ಲ ಅಲ್ಲಿಯೇ. ಜಿಲ್ಲಾ ಕ್ರೀಡಾಂಗಣದಲ್ಲಿರುವ ಇಲಾಖೆಯ ಕಚೇರಿಗೆ ಡಿಸೆಂಬರ್ ಹೊತ್ತಿಗೇ ಹೋಗಿ ಈ ವರ್ಷದ ಆಯ್ಕೆ ಯಾವಾಗ, ವಾಲಿಬಾಲ್ ಯಾವ ಜಿಲ್ಲೆಯ ನಿಲಯದಲ್ಲಿದೆ ಎಂದು ವಿಚಾರಿಸಿ. ಎಲ್ಲ ನಿಲಯಗಳಲ್ಲೂ ಎಲ್ಲ ಆಟ ಇರುವುದಿಲ್ಲ. ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರ ಬೆಂಗಳೂರಿನ ಜ್ಞಾನಭಾರತಿ ಆವರಣದಲ್ಲಿದೆ. ಪ್ರಾಧಿಕಾರದ ತರಬೇತಿ ಕೇಂದ್ರಗಳ ಆಯ್ಕೆ ಪ್ರಕಟಣೆಗಳ ಮೇಲೂ ಒಂದು ಕಣ್ಣಿರಲಿ.

ಪಿಯುಸಿಗೆ ಕಾಲೇಜು ಆರಿಸುವಾಗ ಕಟ್ಟಡ ನೋಡಬೇಡಿ, ತಂಡ ನೋಡಿ. ಕರಾವಳಿಯಲ್ಲಿ ಉಜಿರೆ, ಮೂಡುಬಿದಿರೆಯ ಕಾಲೇಜುಗಳು ಕ್ರೀಡಾ ಕೋಟಾದಲ್ಲಿ ಆಟಗಾರರನ್ನು ಸೇರಿಸಿಕೊಂಡು ಓದಿಸಿ ಬೆಳೆಸಿವೆ. ಸೇರುವ ಮುಂಚೆ ಮೂರು ಪ್ರಶ್ನೆ ಕೇಳಿ: ಕೋಚ್ ದಿನವೂ ಬರುತ್ತಾರೆಯೇ? ಕಳೆದ ಮೂರು ವರ್ಷದಲ್ಲಿ ಈ ಕಾಲೇಜಿನಿಂದ ವಿಶ್ವವಿದ್ಯಾಲಯ ತಂಡಕ್ಕೆ ಎಷ್ಟು ಜನ ಹೋಗಿದ್ದಾರೆ? ಪಂದ್ಯಕ್ಕೆ ಹೋದ ದಿನಗಳ ಹಾಜರಾತಿ ಕೊಡುತ್ತಾರೆಯೇ? ಮೂರನೆಯದಕ್ಕೆ ‘ನೋಡೋಣ’ ಎಂಬ ಉತ್ತರ ಬಂದರೆ ಬೇರೆ ಕಾಲೇಜು ನೋಡಿ. ಇಂಜಿನಿಯರಿಂಗ್ ಓದುವ ಮನಸ್ಸಿದ್ದರೆ ಸಿಇಟಿಯಲ್ಲೂ ಕ್ರೀಡಾ ಕೋಟಾ ಉಂಟು, ಸೀಟು ಬೆರಳೆಣಿಕೆ.

ಪದವಿಯ ವರ್ಷಗಳು ಬಹಳ ಬೆಲೆಯವು. ದಕ್ಷಿಣ ವಲಯ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿ ಎಂದರೆ ಕೇರಳ, ತಮಿಳುನಾಡು, ಆಂಧ್ರದ ಬಲಿಷ್ಠ ತಂಡಗಳು ಬರುವ ಜಾಗ. ಅಲ್ಲಿಂದ ಗೆದ್ದು ಅಖಿಲ ಭಾರತ ಮಟ್ಟಕ್ಕೂ, ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟಕ್ಕೂ ಹೋದರೆ ಇಲಾಖಾ ತಂಡಗಳ ಕೋಚ್‌ಗಳೇ ನಿಮ್ಮ ಫೋನ್ ನಂಬರ್ ಕೇಳುತ್ತಾರೆ.

ಕಾಗದದ ಕಡತ

ಇದು ನೀರಸ ಅಧ್ಯಾಯ. ಆದರೆ ಒಂದೊಂದು ಕಾಗದಕ್ಕೂ ಒಂದೊಂದು ಸ್ಮ್ಯಾಶ್‌ಗಿಂತ ಹೆಚ್ಚು ಬೆಲೆ.

ಮೊದಲನೆಯದು ಜನನ ಪ್ರಮಾಣಪತ್ರ. ಹುಟ್ಟಿದ ಹೊತ್ತಿನಲ್ಲೇ ನೋಂದಣಿಯಾದದ್ದು ಇದ್ದರೆ ಪುಣ್ಯ. ಹತ್ತು ವರ್ಷ ಕಳೆದು ಕೋರ್ಟಿನಿಂದ ಮಾಡಿಸಿದ್ದಾದರೆ ವಯೋಮಿತಿ ಪಂದ್ಯಗಳಲ್ಲಿ ತಕರಾರು ಬಂದೇ ಬರುತ್ತದೆ. ಶಾಲೆಯ ದಾಖಲೆ, ಆಧಾರ್, ಜನನ ಪ್ರಮಾಣಪತ್ರ ಮೂರರಲ್ಲೂ ಹೆಸರಿನ ಅಕ್ಷರ, ಹುಟ್ಟಿದ ದಿನ ಒಂದೇ ಇರಲಿ. ಇನಿಷಿಯಲ್ ಒಂದರಲ್ಲಿ ಹಿಂದೆ, ಒಂದರಲ್ಲಿ ಮುಂದೆ ಇದ್ದರೂ ನೇಮಕಾತಿಯ ಹೊತ್ತಿಗೆ ಓಡಾಟ ತಪ್ಪದು. ‘ಎರಡು ವರ್ಷ ಕಡಿಮೆ ಬರೆಸಿದರೆ ಸಬ್ ಜೂನಿಯರ್ ಆಡಬಹುದು’ ಎಂದು ಪುಸಲಾಯಿಸುವವರು ಸಿಗುತ್ತಾರೆ. ಮಣಿಕಟ್ಟಿನ ಎಕ್ಸ್‌ರೇ ತೆಗೆದು ಮೂಳೆಯ ವಯಸ್ಸು ನೋಡುವ ಪರೀಕ್ಷೆ ಇದೆ. ಸಿಕ್ಕಿಬಿದ್ದರೆ ನಿಷೇಧ.

ಎರಡನೆಯದು ಕ್ರೀಡಾ ಪ್ರಮಾಣಪತ್ರ. ಬಣ್ಣಬಣ್ಣದ ಅಕ್ಷರದಲ್ಲಿ ಅಚ್ಚಾದ ಸರ್ಟಿಫಿಕೇಟ್ ಗೋಡೆಗೆ ಚೆಂದ. ಕೇಂದ್ರ ಸರ್ಕಾರದ ನೌಕರಿಗೆ ಅದರ ಜೊತೆಗೆ ನಿಗದಿತ ನಮೂನೆ ಬೇಕು. ದೇಶಕ್ಕೆ ಆಡಿದವರಿಗೆ ನಮೂನೆ 1, ಅದಕ್ಕೆ ರಾಷ್ಟ್ರೀಯ ಫೆಡರೇಶನ್ ಕಾರ್ಯದರ್ಶಿಯ ಸಹಿ. ರಾಜ್ಯಕ್ಕೆ ಆಡಿದವರಿಗೆ ನಮೂನೆ 2, ರಾಜ್ಯ ಸಂಸ್ಥೆಯ ಕಾರ್ಯದರ್ಶಿ ಸಹಿ ಹಾಕಬೇಕು. ಅಂತರ ವಿಶ್ವವಿದ್ಯಾಲಯಕ್ಕೆ ನಮೂನೆ 3, ಕ್ರೀಡಾ ನಿರ್ದೇಶಕರ ಸಹಿ. ರಾಷ್ಟ್ರೀಯ ಶಾಲಾ ಕ್ರೀಡಾಕೂಟಕ್ಕೆ ನಮೂನೆ 4, ಶಿಕ್ಷಣ ಇಲಾಖೆಯದು. ಪಂದ್ಯ ಮುಗಿದ ತಿಂಗಳೊಳಗೇ ಮಾಡಿಸಿಟ್ಟುಕೊಳ್ಳಿ. ನಾಲ್ಕು ವರ್ಷ ಬಿಟ್ಟು ಹೋದರೆ ಆ ಕಾರ್ಯದರ್ಶಿ ಬದಲಾಗಿರುತ್ತಾರೆ, ತಂಡದ ಪಟ್ಟಿ ಯಾವ ಕಪಾಟಿನಲ್ಲಿದೆಯೋ ಯಾರಿಗೂ ತಿಳಿದಿರುವುದಿಲ್ಲ.

ಮೂರನೆಯದು ಎಲ್ಲಕ್ಕಿಂತ ಮುಖ್ಯ: ಆ ಪಂದ್ಯಾವಳಿಗೇ ಮಾನ್ಯತೆ ಇದೆಯೇ? ‘ರಾಷ್ಟ್ರೀಯ ವಾಲಿಬಾಲ್ ಚಾಂಪಿಯನ್‌ಶಿಪ್’ ಎಂದು ಬ್ಯಾನರ್ ಕಟ್ಟಿ, ಆಟಗಾರರಿಂದಲೇ ಪ್ರವೇಶ ಶುಲ್ಕ ವಸೂಲಿ ಮಾಡಿ, ಪದಕ ಹಂಚುವ ಕೂಟಗಳು ದೇಶದ ತುಂಬ ನಡೆಯುತ್ತವೆ. ತಂಡದಲ್ಲಿ ಜಾಗ ಕೊಡಲು ದುಡ್ಡು ಕೇಳಿದರೆ ಅಲ್ಲಿಗೇ ಕೈಮುಗಿದು ಎದ್ದು ಬನ್ನಿ. ಭಾರತೀಯ ವಾಲಿಬಾಲ್ ಫೆಡರೇಶನ್ 1951ರಷ್ಟು ಹಳೆಯದು, ಆದರೆ ಅದರ ಒಳಜಗಳಗಳ ಕಾರಣಕ್ಕೆ ಅಂತರರಾಷ್ಟ್ರೀಯ ಸಂಸ್ಥೆ 2016ರ ಕೊನೆಯಲ್ಲಿ ಭಾರತವನ್ನೇ ಅಮಾನತಿನಲ್ಲಿಟ್ಟಿತ್ತು. ಇಂಥ ಸಮಯದಲ್ಲಿ ಎರಡೆರಡು ಗುಂಪುಗಳು ‘ನಾವೇ ಅಸಲಿ’ ಎನ್ನುತ್ತವೆ. ತೊಂದರೆ ಬೀಳುವುದು ಆಟಗಾರನ ಪ್ರಮಾಣಪತ್ರಕ್ಕೆ. ಹಾಗಾಗಿ ಕೇಂದ್ರ ಕ್ರೀಡಾ ಸಚಿವಾಲಯದ ಮಾನ್ಯತೆ ಆ ವರ್ಷ ಯಾರಿಗಿತ್ತು ಎಂದು ತಿಳಿದುಕೊಂಡೇ ಆಡಿ.

ನೌಕರಿಯ ಟ್ರಯಲ್ಸ್

ಹುಬ್ಬಳ್ಳಿಯ ನೈಋತ್ಯ ರೈಲ್ವೆ ನೇಮಕಾತಿ ಘಟಕದ ಕ್ರೀಡಾ ಕೋಟಾ ಅಧಿಸೂಚನೆಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಒಟ್ಟು 100 ಅಂಕ. ಅದರಲ್ಲಿ ಸಾಧನೆಗೆ 50, ಟ್ರಯಲ್ಸ್‌ಗೆ 40, ವಿದ್ಯಾರ್ಹತೆಗೆ 10. ಟ್ರಯಲ್ಸ್‌ನ 40ರಲ್ಲಿ 25 ಬಂದರಷ್ಟೇ ಮುಂದಿನ ಮಾತು. ಇಷ್ಟರಿಂದ ಎರಡು ಸಂಗತಿ ಹೊಳೆಯಬೇಕು. ಅರ್ಧ ಅಂಕ ನೀವು ಟ್ರಯಲ್ಸ್‌ಗೆ ಕಾಲಿಡುವ ಮೊದಲೇ ನಿಮ್ಮ ಕಡತದಲ್ಲಿ ನಿರ್ಧಾರವಾಗಿರುತ್ತದೆ. ಮತ್ತೆ ಆ ಸಾಧನೆಯೂ ಇತ್ತೀಚಿನದಾಗಿರಬೇಕು, ಯಾವ ದಿನಾಂಕದ ನಂತರದ್ದು ಎಂದು ಅಧಿಸೂಚನೆಯಲ್ಲೇ ಬರೆದಿರುತ್ತಾರೆ. 19ಕ್ಕೆ ಜೂನಿಯರ್ ನ್ಯಾಷನಲ್ಸ್ ಆಡಿ 24ಕ್ಕೆ ಆ ಕಾಗದ ಹಿಡಿದುಕೊಂಡು ಹೋದರೆ ಅದು ಹಳತಾಗಿರುತ್ತದೆ.

ಹುದ್ದೆಗೆ ತಕ್ಕಂತೆ ಸಾಧನೆಯ ಕನಿಷ್ಠ ಮಟ್ಟವೂ ಬೇರೆ. ಬರೀ ಆಡಿದ್ದರೆ ಸಾಲದು, ಹಲವು ಹುದ್ದೆಗಳಿಗೆ ತಂಡ ಎಷ್ಟನೇ ಸ್ಥಾನ ಪಡೆಯಿತು ಎನ್ನುವುದೂ ಲೆಕ್ಕ. ಏಳನೇ ವೇತನ ಆಯೋಗದ ಪ್ರಕಾರ ಹಂತ 1ರ ಮೂಲವೇತನ 18,000 ರೂಪಾಯಿ, ಹಂತ 2ರದು 19,900, ಹಂತ 4ರದು 25,500, ಹಂತ 5ರದು 29,200. ಮೇಲಿನ ಹಂತಗಳಿಗೆ ಪದವಿ ಬೇಕು. ‘ಆಟ ಇದೆಯಲ್ಲ, ಡಿಗ್ರಿ ಯಾಕೆ’ ಎನ್ನುವ ಹುಡುಗರಿಗೆ ಈ ಅಂಕಿಗಳನ್ನೇ ತೋರಿಸಿ. ಒಂದೇ ತಂಡದಲ್ಲಿ ಪಕ್ಕಪಕ್ಕ ಆಡುವ ಇಬ್ಬರಲ್ಲಿ ಒಬ್ಬ ಸಹಾಯಕನಾಗಿ, ಇನ್ನೊಬ್ಬ ಗುಮಾಸ್ತನಾಗಿ ನಿವೃತ್ತಿವರೆಗೆ ದುಡಿಯುತ್ತಾರೆ. ವ್ಯತ್ಯಾಸ ಆಟದ್ದಲ್ಲ, ಮೂರು ವರ್ಷದ ಬಿ.ಎ.ಯದು.

ರೈಲ್ವೆಯೊಂದೇ ಅಲ್ಲ. ಕೇಂದ್ರ ಸರ್ಕಾರದ ಇಲಾಖೆಗಳು ಗ್ರೂಪ್ ‘ಸಿ’ ನೇರ ನೇಮಕಾತಿಯಲ್ಲಿ ಶೇ. 5ರವರೆಗೆ ಕ್ರೀಡಾಪಟುಗಳನ್ನು ತೆಗೆದುಕೊಳ್ಳಲು ಅವಕಾಶವಿದೆ. ಅಂಚೆ, ಆದಾಯ ತೆರಿಗೆ, ಕಸ್ಟಮ್ಸ್ ಎಲ್ಲವೂ ಆಗಾಗ ಕರೆಯುತ್ತವೆ. ಅರೆಸೇನಾ ಪಡೆಗಳಿಗೆ ತಮ್ಮದೇ ತಂಡಗಳಿವೆ. ಸೇನೆಯಲ್ಲಿ ಸಾಧನೆಗೆ ತಕ್ಕಂತೆ ನೇರವಾಗಿ ಹವಾಲ್ದಾರ್, ನಾಯಬ್ ಸುಬೇದಾರ್ ಆಗಿ ಸೇರುವ ದಾರಿಯಿದೆ. ಕರ್ನಾಟಕ ಪೊಲೀಸ್ ಇಲಾಖೆಯೂ ಕಾನ್‌ಸ್ಟೆಬಲ್, ಎಸ್‌ಐ ಹುದ್ದೆಗಳಿಗೆ ಕ್ರೀಡಾಪಟುಗಳಿಗೆಂದೇ ಅಧಿಸೂಚನೆ ಹೊರಡಿಸಿದ್ದಿದೆ. ಚೆನ್ನೈ, ಕೊಚ್ಚಿಯ ಬ್ಯಾಂಕ್, ತೈಲ ಕಂಪನಿಗಳ ತಂಡಗಳ ಮಟ್ಟ ಬಹಳ ಮೇಲಿನದು. ಅಲ್ಲಿ ಜಾಗ ಸಿಕ್ಕರೆ ಭಾರತ ತಂಡದವರ ಜೊತೆ ದಿನವೂ ಅಭ್ಯಾಸ.

ಟ್ರಯಲ್ಸ್ ದಿನದ ಬಗ್ಗೆ ನಾಲ್ಕು ಮಾತು. ಹಿಂದಿನ ರಾತ್ರಿ ಬಸ್ಸಿನಲ್ಲಿ ನಿದ್ದೆಗೆಟ್ಟು ನೇರವಾಗಿ ಮೈದಾನಕ್ಕೆ ಇಳಿಯಬೇಡಿ, ಒಂದು ದಿನ ಮುಂಚೆ ತಲುಪಿ. ಮೂಲ ದಾಖಲೆಗಳ ಜೊತೆ ಮೂರು ಸೆಟ್ ಜೆರಾಕ್ಸ್ ಇರಲಿ. ಗುಂಪಿನಲ್ಲಿ ಆಡಿಸಿದಾಗ ಗುರುತಿಲ್ಲದ ಸೆಟ್ಟರ್ ಸಿಗುತ್ತಾನೆ. ವಾರ್ಮ್ ಅಪ್ ಹೊತ್ತಿನಲ್ಲೇ ಅವನನ್ನು ಮಾತಾಡಿಸಿ ‘ನನಗೆ ಸ್ವಲ್ಪ ಎತ್ತರಿಸಿ ಕೊಡು ಮಾರಾಯಾ’ ಎಂದು ಹೇಳಿಕೊಳ್ಳಿ. ಚೆಂಡು ಹೊರಗೆ ಹೋದಾಗ ಸೆಟ್ಟರ್ ಮೇಲೆ ಕಣ್ಣು ಕೆಂಪಗೆ ಮಾಡುವವನನ್ನು ಯಾವ ಕೋಚ್ ಕೂಡ ತನ್ನ ತಂಡಕ್ಕೆ ಬಯಸುವುದಿಲ್ಲ.

ಊರ ಪಂದ್ಯಾಟ: ಎಷ್ಟು ಬೇಕು, ಎಷ್ಟು ಬೇಡ

ಹೊನಲು ಬೆಳಕಿನ ಪಂದ್ಯಾಟಗಳೇ ನಮ್ಮ ವಾಲಿಬಾಲ್‌ನ ಜೀವ. ಧೈರ್ಯ ಬರುವುದು ಅಲ್ಲಿ, ಜನರೆದುರು ಆಡುವ ರುಚಿ ಹತ್ತುವುದು ಅಲ್ಲಿ. ಚೆನ್ನಾಗಿ ಆಡುವವನನ್ನು ಪಕ್ಕದ ಊರಿನವರು ಅತಿಥಿ ಆಟಗಾರನಾಗಿ ಕರೆದು ಕೈಗಿಷ್ಟು ದುಡ್ಡು ಕೊಡುತ್ತಾರೆ. ಕಾಲೇಜು ಹುಡುಗನಿಗೆ ಶೂ, ಬಸ್ ಚಾರ್ಜಿಗೆ ಅದು ದೊಡ್ಡ ಆಸರೆ. ಬೇಡ ಎನ್ನಲಾರೆ.

ಆದರೆ ಜನವರಿಯಿಂದ ಮೇವರೆಗೆ ವಾರಕ್ಕೆ ಮೂರು ರಾತ್ರಿ, ಗಟ್ಟಿ ಮಣ್ಣಿನ ಮೇಲೆ, ಬೆಳಗಿನ ನಾಲ್ಕರವರೆಗೆ ಆಡಿದವನ ಮಂಡಿ ಇಪ್ಪತ್ತಮೂರಕ್ಕೇ ಕೈಕೊಡುತ್ತದೆ. ರಾಜ್ಯ ತಂಡದ ಶಿಬಿರದ ದಿನಾಂಕಕ್ಕೂ ಪಂದ್ಯಾಟದ ದಿನಾಂಕಕ್ಕೂ ತಾಗಿದರೆ ಪಂದ್ಯಾಟ ಬಿಡಬೇಕು. ಊರಿನವರು ಮುನಿಸಿಕೊಳ್ಳಲಿ, ನೌಕರಿ ಸಿಕ್ಕ ಮೇಲೆ ಅವರೇ ಸನ್ಮಾನ ಇಟ್ಟುಕೊಳ್ಳುತ್ತಾರೆ.

ಮಂಡಿ, ಕಣಕಾಲು, ಔಷಧಿ

ವಾಲಿಬಾಲ್ ಆಟಗಾರರನ್ನು ಹೆಚ್ಚು ಕಾಡುವುದು ಮಂಡಿಚಿಪ್ಪಿನ ಕೆಳಗಿನ ನೋವು. ಜಿಗಿತ ಹೆಚ್ಚಿಸುವ ಆತುರದಲ್ಲಿ ದಿನವೂ ಬಾಕ್ಸ್ ಜಂಪ್ ಮಾಡಿಸುವ ಕೋಚ್‌ಗಳಿದ್ದಾರೆ. ಬೆಳೆಯುವ ವಯಸ್ಸಿನಲ್ಲಿ ವಾರಕ್ಕೆ ಎರಡು ದಿನ ಸಾಕು, ನಡುವೆ ಬಿಡುವಿರಲಿ. ಎಗರುವುದಕ್ಕಿಂತ ಮುಂಚೆ ಇಳಿಯುವುದನ್ನು ಕಲಿಸಿ: ಎರಡೂ ಪಾದ ಒಟ್ಟಿಗೆ, ಮಂಡಿ ಬಾಗಿಸಿ, ಸದ್ದಿಲ್ಲದಂತೆ. ಕಣಕಾಲು ಉಳುಕುವುದು ಬಹುಪಾಲು ನೆಟ್ ಕೆಳಗೆ, ಎದುರಾಳಿಯ ಅಥವಾ ಜೊತೆಗಾರನ ಪಾದದ ಮೇಲೆ ಇಳಿದಾಗ. ಓಟದ ಶೂ ಹಾಕಿಕೊಂಡು ಆಡಿದರೆ ಈ ಅಪಾಯ ಹೆಚ್ಚು, ಅದರ ಹಿಮ್ಮಡಿ ಎತ್ತರ. ಕೋರ್ಟ್ ಶೂಗೆ ದುಡ್ಡು ಹಾಕಿ, ಬಣ್ಣದ ಜೆರ್ಸಿ ಆಮೇಲೆ ತಂದರಾಯಿತು.

ಊಟಕ್ಕೆ ದುಬಾರಿ ಪೌಡರ್ ಬೇಕಿಲ್ಲ. ಮೊಟ್ಟೆ, ಮೀನು, ಹುರುಳಿ, ಕಡಲೆಕಾಯಿ, ಹಾಲು, ಮುದ್ದೆ ಮನೆಯಲ್ಲೇ ಇದೆ. ಜಿಮ್‌ನಲ್ಲಿ ಗುರುತಿನವರು ಕೊಟ್ಟ ಡಬ್ಬಿಯ ಪುಡಿಯಲ್ಲಿ ಏನಿದೆಯೋ ಬಲ್ಲವರಾರು? ಮೂತ್ರ ಪರೀಕ್ಷೆಯಲ್ಲಿ ನಿಷೇಧಿತ ವಸ್ತು ಸಿಕ್ಕರೆ ‘ಗೊತ್ತಿರಲಿಲ್ಲ’ ಎನ್ನುವುದನ್ನು ರಾಷ್ಟ್ರೀಯ ಉದ್ದೀಪನ ನಿಗ್ರಹ ಘಟಕ ಕೇಳಿಸಿಕೊಳ್ಳುವುದಿಲ್ಲ. ಹೆಗಲು ನೋವಿಗೆ ವೈದ್ಯರು ಹಾಕುವ ಸ್ಟೀರಾಯ್ಡ್ ಚುಚ್ಚುಮದ್ದು ಕೂಡ 2022ರಿಂದ ಪಂದ್ಯದ ಅವಧಿಯಲ್ಲಿ ನಿಷಿದ್ಧ. ಆದ್ದರಿಂದ ಯಾವ ವೈದ್ಯರ ಬಳಿ ಹೋದರೂ ಮೊದಲು ‘ನಾನು ಆಟಗಾರ’ ಎಂದು ಹೇಳಿ, ಚೀಟಿ ಜೋಪಾನವಾಗಿಡಿ.

ಲೀಗ್ ಹರಾಜಿಗೆ ಹೆಸರು

ಈಗ ಎಲ್ಲರೂ ಕಾಯುವ ವಿಷಯ. ಪ್ರೈಮ್ ವಾಲಿಬಾಲ್ ಲೀಗ್ ಶುರುವಾದದ್ದು 2022ರ ಫೆಬ್ರುವರಿಯಲ್ಲಿ, ಹೈದರಾಬಾದಿನಲ್ಲಿ. ಅದಕ್ಕೂ ಮುಂಚಿನ ಹರಾಜಿನಲ್ಲಿ ಅತಿ ಹೆಚ್ಚು ಬೆಲೆ ಪಡೆದವರಲ್ಲಿ ಅಶ್ವಲ್ ರೈ ಒಬ್ಬರು, 15 ಲಕ್ಷ ರೂಪಾಯಿಗೆ. ಅವರ ನಾಯಕತ್ವದಲ್ಲೇ ಕೋಲ್ಕತ್ತ ಥಂಡರ್‌ಬೋಲ್ಟ್ಸ್ ಮೊದಲ ಪ್ರಶಸ್ತಿ ಗೆದ್ದಿತು. ಬೆಂಗಳೂರು ಟಾರ್ಪಿಡೋಸ್ 2023ರಲ್ಲಿ ಫೈನಲ್‌ನಲ್ಲಿ ಅಹಮದಾಬಾದ್ ಎದುರು ಸೋತು, 2025ರಲ್ಲಿ ಮುಂಬೈ ಮೀಟಿಯರ್ಸ್ ತಂಡವನ್ನು ಮಣಿಸಿ ಪ್ರಶಸ್ತಿ ಎತ್ತಿತು. 15 ಲಕ್ಷ ಎಲ್ಲರಿಗೂ ಸಿಗುವುದಲ್ಲ. ಪಟ್ಟಿಯ ಕೆಳಗಿನ ಹೊಸಬರಿಗೆ ಸಿಗುವುದು ಅದರ ಸಣ್ಣ ಪಾಲು, ಅದರಲ್ಲೂ ತೆರಿಗೆ ಕಡಿತವಾಗುತ್ತದೆ.

ಹರಾಜಿಗೆ ಹೆಸರು ಬರಬೇಕಾದರೆ ರಾಷ್ಟ್ರೀಯ ಮಟ್ಟದ ಆಟದ ದಾಖಲೆಯ ಜೊತೆಗೆ ಒಂದು ಒಳ್ಳೆಯ ವಿಡಿಯೊ ಬೇಕು. ಮೂರ್ನಾಲ್ಕು ನಿಮಿಷ ಸಾಕು. ಹಿನ್ನೆಲೆ ಹಾಡು, ಸ್ಲೋ ಮೋಷನ್ ಬೇಡ. ಅಂಕಣದ ಹಿಂದೆ ಎತ್ತರದಲ್ಲಿ ಫೋನ್ ಇಟ್ಟು ಇಡೀ ಅಂಕಣ ಕಾಣುವಂತೆ ತೆಗೆಯಿರಿ, ಗೆದ್ದ ಪಾಯಿಂಟ್ ಜೊತೆ ಸೋತ ಒಂದೆರಡೂ ಇರಲಿ. ಎತ್ತರ, ಸ್ಪೈಕ್ ರೀಚ್, ಬ್ಲಾಕ್ ರೀಚ್ ನಿಜವಾದದ್ದೇ ಬರೆಯಿರಿ. ಶಿಬಿರದ ಮೊದಲ ದಿನವೇ ಅಳೆಯುತ್ತಾರೆ. ಲೀಗ್‌ನ ನಿಯಮಗಳೂ ಬೇರೆ: ಸೆಟ್ 15 ಪಾಯಿಂಟ್‌ಗೇ ಮುಗಿಯುತ್ತದೆ, ಸೂಪರ್ ಪಾಯಿಂಟ್ ಕೇಳಿದಾಗ ಒಂದಕ್ಕೆ ಎರಡು. ಅಲ್ಲಿ ನಿಧಾನಕ್ಕೆ ಕುದುರಿಕೊಳ್ಳಲು ಸಮಯವೇ ಇಲ್ಲ. ಮೊದಲ ಚೆಂಡಿನಿಂದಲೇ ಗಟ್ಟಿ ಜಂಪ್ ಸರ್ವ್ ಹಾಕಬಲ್ಲವನಿಗೆ ಬೆಲೆ.

ಕರಾರಿಗೆ ಸಹಿ ಹಾಕುವ ಮುನ್ನ ಗಾಯವಾದರೆ ಚಿಕಿತ್ಸೆಯ ಖರ್ಚು ಯಾರದು, ಆಡದೆ ಬೆಂಚಿನಲ್ಲಿ ಕೂತರೂ ಪೂರ್ತಿ ಹಣ ಉಂಟೇ, ಕಂತು ಯಾವಾಗ ಬರುತ್ತದೆ ಎಂದು ಓದಿ ನೋಡಿ. ಇಂಗ್ಲಿಷ್ ತಿಳಿಯದಿದ್ದರೆ ಊರಿನ ವಕೀಲರಿಗೆ ತೋರಿಸಿ. ನೌಕರಿಯಲ್ಲಿದ್ದರೆ ಇಲಾಖೆಯ ನಿರಾಕ್ಷೇಪಣಾ ಪತ್ರವಿಲ್ಲದೆ ಆಡುವಂತಿಲ್ಲ. ಅರ್ಜಿಯನ್ನು ತಿಂಗಳುಗಳ ಮೊದಲೇ ಕೊಡಿ.

ಹುಡುಗಿಯರಿಗೆ ಈ ಲೀಗ್‌ನ ನಾಲ್ಕು ಆವೃತ್ತಿಗಳಲ್ಲೂ ಜಾಗವಿರಲಿಲ್ಲ, ಅದು ಪುರುಷರದ್ದು ಮಾತ್ರ. ಕೇರಳದ ಹುಡುಗಿಯರು, ರೈಲ್ವೆಯ ಹುಡುಗಿಯರು ರಾಷ್ಟ್ರೀಯ ಚಾಂಪಿಯನ್‌ಶಿಪ್‌ನಲ್ಲಿ ಆಡುವುದನ್ನು ನೋಡಿದವರಿಗೆ ಇದು ಅನ್ಯಾಯ ಎನ್ನಿಸದಿರದು. ಹಾಗಾಗಿ ಮಗಳನ್ನು ಈ ದಾರಿಗೆ ಹಚ್ಚುವವರು ಲೀಗ್ ಲೆಕ್ಕ ಬಿಟ್ಟು ನೌಕರಿಯ ಲೆಕ್ಕವನ್ನು ಇನ್ನೂ ಬಿಗಿಯಾಗಿ ಹಿಡಿಯಬೇಕು.

ಹೊರದೇಶದ ಕ್ಲಬ್‌ಗೆ ಆಡುವ ಆಸೆಗೆ ನಮ್ಮಲ್ಲಿ ದೊಡ್ಡ ಉದಾಹರಣೆ ಕಣ್ಣೂರಿನ ಜಿಮ್ಮಿ ಜಾರ್ಜ್. ಅಬುಧಾಬಿಯಲ್ಲಿ ಆಡಿ, ಆಮೇಲೆ ಇಟಲಿಯ ಕ್ಲಬ್‌ಗಳಲ್ಲಿ ವೃತ್ತಿಪರನಾಗಿ ಮೆರೆದು, 1987ರಲ್ಲಿ ಅಲ್ಲೇ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅವರು ಆಡಿದ್ದ ಭಾರತ ತಂಡ 1986ರ ಸೋಲ್ ಏಷ್ಯನ್ ಗೇಮ್ಸ್‌ನಲ್ಲಿ ಕಂಚು ಗೆದ್ದಿತ್ತು. ಅದಾದ ಮೇಲೆ ಏಷ್ಯನ್ ಗೇಮ್ಸ್ ಪದಕ ನಮಗೆ ಬಂದಿಲ್ಲ, ಆದರೂ 2023ರಲ್ಲಿ ಹಾಂಗ್‌ಝೌನಲ್ಲಿ ದಕ್ಷಿಣ ಕೊರಿಯಾವನ್ನು 3–2ರಿಂದ ಸೋಲಿಸಿದ ತಂಡವನ್ನು ಹೊರಗಿನವರು ಗಮನಿಸಿದರು. ಹೊರದೇಶದ ಕ್ಲಬ್ ಸೇರಲು ರಾಷ್ಟ್ರೀಯ ಫೆಡರೇಶನ್ ಮೂಲಕ ಅಂತರರಾಷ್ಟ್ರೀಯ ವರ್ಗಾವಣೆ ಪತ್ರ ಕಡ್ಡಾಯ. ಅದರ ಮಾತೆತ್ತದೆ ಮುಂಗಡ ಕೇಳುವ ಏಜೆಂಟ್ ಸಿಕ್ಕರೆ ನಂಬಬೇಡಿ.

ಮೂವತ್ತು ದಾಟುವಾಗ

ಇಲಾಖಾ ತಂಡದಲ್ಲಿ ಹೆಚ್ಚಿನವರ ಆಟ 32–35ಕ್ಕೆ ಮುಗಿಯುತ್ತದೆ. ಆಮೇಲೂ 25 ವರ್ಷ ಸೇವೆ ಬಾಕಿ. ಆಟವಿರುವಾಗ ಕಂಪ್ಯೂಟರ್ ಮುಟ್ಟದೆ, ಇಲಾಖಾ ಪರೀಕ್ಷೆ ಬರೆಯದೆ ಇದ್ದವರು ಆಗ ಕಿರಿಯರ ಕೈಕೆಳಗೆ ಕೂರಬೇಕಾಗುತ್ತದೆ. ಬಡ್ತಿ ಪರೀಕ್ಷೆಗಳನ್ನು ಆಡುತ್ತಿರುವಾಗಲೇ ಬರೆದು ಮುಗಿಸಿ.

ಆಟದ ಜೊತೆಗೇ ಇರಬೇಕೆನ್ನುವವರಿಗೆ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ತರಬೇತುದಾರರ ಡಿಪ್ಲೊಮಾ ಇದೆ, ಒಂದು ವರ್ಷದ್ದು. ಶಾಲೆಯಲ್ಲಿ ದೈಹಿಕ ಶಿಕ್ಷಕರಾಗಲು ಬಿ.ಪಿ.ಎಡ್., ಕಾಲೇಜಿನಲ್ಲಿ ದೈಹಿಕ ಶಿಕ್ಷಣ ನಿರ್ದೇಶಕರಾಗಲು ಎಂ.ಪಿ.ಎಡ್. ಜೊತೆಗೆ ಎನ್‌ಇಟಿ (ನೆಟ್) ಅಥವಾ ಕೆ-ಸೆಟ್ ಅರ್ಹತಾ ಪರೀಕ್ಷೆ. ರಾಜ್ಯ ಸಂಸ್ಥೆ ನಡೆಸುವ ರೆಫರಿ ಪರೀಕ್ಷೆಗೆ ಆಡುತ್ತಿರುವಾಗಲೇ ಕೂರಬಹುದು. ನಿಯಮ ಬಲ್ಲ ಆಟಗಾರನಿಗೆ ಅದು ಕಷ್ಟವಲ್ಲ, ಮೇಲಿನ ದರ್ಜೆಗೆ ಏರಲು ವರ್ಷಗಳು ಬೇಕಾದ್ದರಿಂದ ಬೇಗ ಶುರು ಮಾಡಿದವರಿಗೆ ಅನುಕೂಲ. ಲೀಗ್ ಬಂದ ಮೇಲೆ ಪಂದ್ಯದ ಅಂಕಿಅಂಶ ತೆಗೆದು ಕೋಚ್‌ಗೆ ವಿವರಿಸುವವರಿಗೂ ಕೆಲಸ ಹುಟ್ಟಿದೆ. ಲ್ಯಾಪ್‌ಟಾಪ್ ಪಳಗಿದ, ಆಟ ಓದಬಲ್ಲ ಹಳೆಯ ಸೆಟ್ಟರ್‌ಗಳಿಗೆ ಹೇಳಿ ಮಾಡಿಸಿದ ಜಾಗ ಅದು.